ನಾಲ್ಕರ ಅಚ್ಚು

ಕಂದಿಯಗಾಶ್ ಜಂಕ್ಷನ್ನಿನ ಹದಿನಾಲ್ಕನೇ ಹಳಿಯ ಮೇಲೆ
ಒಂದು ಎಣ್ಣೆ ವ್ಯಾಗನ್ನು ನಿಂತಿದೆ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ತಪ್ಪು ಬಣ್ಣ ಬಳಿಯುವ ಯೆರ್ಮುಖಾನನದು.
ಅವತ್ತು ಅವನ ಪೆಟ್ಟಿಗೆಯಲ್ಲಿ ನಾಲ್ಕರ ತಗಡಿನ ಅಚ್ಚು ಮುರಿದಿತ್ತು,
ಊಟದ ಹೊತ್ತು ಬೇರೆ.
ಮೂರರದ್ದು ಕೈಗೆ ಸಿಕ್ಕಿತು, ಒತ್ತಿದ:
೭೩೯೩೯೧೩೩.

ಇಲ್ಲಿನ ಗಾಡಿಗೆ ಎಂಟು ಅಂಕಿ.
ಏಳು ಅದರ ಹೆಸರು, ಎಂಟನೆಯದು ಕಾವಲು:
ಒಂದು ಬಿಟ್ಟು ಒಂದನ್ನು ಇಮ್ಮಡಿಸು,
ಬಂದ ಅಂಕಿಗಳನ್ನೆಲ್ಲ ಕೂಡು,
ಮುಂದಿನ ಹತ್ತಕ್ಕೆ ಎಷ್ಟು ಕಡಿಮೆಯೋ ಅದು ಕೊನೆಯಲ್ಲಿ ಕೂರಬೇಕು.
ಮೂವತ್ತಾರು ಬಂತು. ನಾಲ್ಕು ಬೇಕಿತ್ತು.
ಅಕ್ತೋಬೆ ಕಚೇರಿಯ ಕಂಪ್ಯೂಟರು ಒಪ್ಪಲಿಲ್ಲ:
ಇಂಥ ಗಾಡಿಯೇ ಇಲ್ಲ.
ಇಲ್ಲದ ಗಾಡಿಗೆ ಎಂಜಿನ್ನು ಯಾರು ಕೊಡುತ್ತಾರೆ?

ನಾನು ಕೊಂಡಿ ಹಾಕುವವನು.
ಕೂಡಿಸುವುದು, ಬಿಡಿಸುವುದು, ಅಷ್ಟೇ ನನ್ನ ಗಣಿತ.
ಕುಲ್ಯಾಶ್ ನಂಬರು ಬರೆದುಕೊಳ್ಳುವವಳು. ರಾತ್ರಿ ಪಾಳಿ.
ಶಾಯಿ ಹೆಪ್ಪುಗಟ್ಟುವ ಚಳಿ, ಅದಕ್ಕೇ ಪೆನ್ಸಿಲು,
ಪೆನ್ಸಿಲಿಗೊಂದು ದಾರ, ದಾರ ಕೊರಳಲ್ಲಿ.
ಅವಳೇ ಮೊದಲು ಹೇಳಿದ್ದು:
"ನಾಲ್ಕಾಗಿದ್ದರೆ ಸಲೀಸಾಗಿ ಆರು ಪಾಲಾಗುತ್ತಿತ್ತು.
ಮೂರಾಯಿತು ನೋಡು, ಇನ್ನು ಯಾರೂ ಒಡೆಯಲಾರರು."

ನಾನು ನಂಬಲಿಲ್ಲ. ನೋಟ್‌ಪುಸ್ತಕ ತಂದು ಮಡಿಲಿಗೆ ಹಾಕಿದಳು.
ಮೂರರಿಂದ ಭಾಗಿಸಿ ಎರಡು ಉಳಿದಿತ್ತು,
ಏಳರಿಂದಲೂ ಎರಡೇ,
ಹನ್ನೊಂದಕ್ಕೆ ನಾಲ್ಕು, ಹದಿಮೂರಕ್ಕೆ ಎಂಟು,
ಹೀಗೆ ಎಂಟು ಸಾವಿರದ ಐನೂರು ದಾಟುವವರೆಗೆ
ಸಾವಿರಕ್ಕೂ ಮಿಕ್ಕ ಭಾಗಾಕಾರ, ಎರಡು ಚಳಿಗಾಲ.
ಪ್ರತಿ ಸಲವೂ ಏನೋ ಒಂದಿಷ್ಟು ಉಳಿದೇ ಇತ್ತು,
ತಟ್ಟೆಯಲ್ಲಿ ಕಡೆಯ ತುತ್ತು ಬಿಟ್ಟು ಏಳುವ
ಹಟಮಾರಿ ಮಗುವಿನ ಹಾಗೆ.

ಚೇಷ್ಟೆಗೆ ಒಮ್ಮೆ ಸೀಮೆಸುಣ್ಣದಲ್ಲಿ ಕೊನೆಗೊಂದು ಒಂದು ಬರೆದೆ.
"ಮೂರು ತಿನ್ನುತ್ತದೆ" ಎಂದು ಕೈಗವಸಿನಿಂದ ಒರೆಸಿದಳು.
ಏಳು ಬರೆದೆ. "ಮತ್ತೆ ಮೂರೇ."
ಮೂರು, ಆಮೇಲೆ ಒಂಬತ್ತು. ಸುಮ್ಮನಾದಳು.
ಮುಂದಿನ ಬೇಸಿಗೆಯಲ್ಲಿ ಸಿಕ್ಕಾಗ, ಎಲ್ಲಿ ನಿಲ್ಲಿಸಿದ್ದಳೋ ಅಲ್ಲಿಂದ:
"ಅವೆರಡೂ ಒಡೆದವು. ಇದಕ್ಕೆ ಇನ್ನು ಬೆಳೆಯಲು ಜಾಗವಿಲ್ಲ."

ಬೆಳೆಯಲಾರದ್ದು ಸವೆಯತೊಡಗಿತು.
ಹುಲ್ಲುಬಯಲಿನ ಗಾಳಿ ಮುಷ್ಟಿಯಲ್ಲಿ ಮರಳು ಹಿಡಿದೇ ಬರುತ್ತದೆ,
ಬಲಗಡೆಯಿಂದ ಉಜ್ಜುತ್ತದೆ.
ಮೊದಲು ಹೋದದ್ದು ಯೆರ್ಮುಖಾನನ ತಪ್ಪು ಮೂರು.
೭೩೯೩೯೧೩.
ಕುಲ್ಯಾಶ್ ಹೊಸ ಹಾಳೆ ತಿರುವಿದಳು. ಒಡೆಯಲಿಲ್ಲ.
ಇನ್ನೊಂದು ಮೂರು ಉದುರಿತು.
೭೩೯೩೯೧.
ಇದೂ ಇಲ್ಲ.
ಆಮೇಲಿನ ಫೆಬ್ರವರಿಯಲ್ಲಿ ಒಂದೇ ಬಿರುಗಾಳಿ
ಎರಡು ಅಂಕಿ ಹೊತ್ತೊಯ್ದಿತು.
ಬೆಳಗಾದರೆ ೭೩೯೩.

ಅವಳು ಸಿಟ್ಟಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.
"ನಡುವೆ ಒಂದಿತ್ತಲ್ಲ, ೭೩೯೩೯,
ಅದನ್ನು ಕಣ್ಣಾರೆ ನೋಡಬೇಕಿತ್ತು."
ಹಾಳೆಯ ಮೇಲೆ ಮಾಡಿದಳು. ಅದೂ ಅವಿಭಾಜ್ಯವೇ.
"ಹಾಳೆ ಬೇರೆ, ಕಬ್ಬಿಣ ಬೇರೆ" ಎಂದು
ಚಹಾ ಆರಲು ಬಿಟ್ಟು ಎದ್ದು ಹೋದಳು.

ಈಗವಳು ನಿವೃತ್ತಳು, ಅತಿರಾವಿನಲ್ಲಿ, ತಂಗಿಯ ಜೊತೆ.
ಗುಜರಿ ಕಂಪನಿಯವರ ಅರ್ಜಿ ನನ್ನ ಮೇಜಿನ ಮೇಲಿದೆ:
ಗಾಡಿಯ ಸಂಖ್ಯೆ, ಎಂಟು ಚೌಕ.
ಮೂರನ್ನು ತುಂಬಿದೆ. ಐದು ಖಾಲಿ.
ವಾಪಸು ಕಳಿಸಿದರು. ಮತ್ತೆ ಅದನ್ನೇ ಕಳಿಸಿದೆ.

ನಿನ್ನೆ ಫೋನು ಮಾಡಿದ್ದಳು. ಕ್ಷೇಮ ಕೇಳಲಿಲ್ಲ.
"ಎಷ್ಟಿದೆ?"
"ಏಳುನೂರ ಮೂವತ್ತೊಂಬತ್ತು."
"ನೀನೇ ಮಾಡು, ಇಪ್ಪತ್ತಮೂರರವರೆಗೆ ಹೋದರೆ ಸಾಕು."

ಬೆಂಕಿಪೊಟ್ಟಣದ ಬೆನ್ನ ಮೇಲೆ ಮಾಡಿದೆ,
ಐವತ್ತೆಂಟರ ವಯಸ್ಸಿನಲ್ಲಿ, ಬೆರಳು ಮಡಿಚಿ ಮಡಿಚಿ.
ಕೊನೆಯದು ಇಪ್ಪತ್ತಮೂರು.
ಮೂವತ್ತೆರಡು ಸಲ ಹೋಯಿತು,
ಮೂರು ಉಳಿಯಿತು.
ಎಲ್ಲೋ ನೋಡಿದ ಮೂರು.

ಹೊರಗೆ ಗಾಳಿ ಎದ್ದಿದೆ, ಬಲಗಡೆಯಿಂದ.